ಪದಚರ್ಚೆ: ಸಂವಿಧಾನದ 21ನೇ ವಿಧಿಗೆ ‘ಪ್ರಜೆ’ಯೋ, ‘ನಾಗರಿಕ’ನೋ, ‘ವ್ಯಕ್ತಿ’ಯೋ?

ಬಳಗದ ಎಲ್ಲರಿಗೂ ನಮಸ್ಕಾರ.

ಕಾನೂನು ನೆರವು ಶಿಬಿರವೊಂದಕ್ಕೆ ಮೂಲಭೂತ ಹಕ್ಕುಗಳ ಬಗ್ಗೆ ಎರಡು ಪುಟದ ಕರಪತ್ರ ತಿದ್ದಿಕೊಡುತ್ತಿದ್ದೇನೆ. ಕರಡಿನ ಉದ್ದಕ್ಕೂ ‘ಪ್ರತಿಯೊಬ್ಬ ಪ್ರಜೆಗೂ’ ಎಂದೇ ಇದೆ. ಮೊದಲ ಓದಿನಲ್ಲಿ ನನಗೂ ಏನೂ ಅನ್ನಿಸಲಿಲ್ಲ. ಸಂಜೆ ನಮ್ಮ ಅಪಾರ್ಟ್‌ಮೆಂಟಿನ ಕಾವಲುಗಾರರಿಗೆ ಓದಿ ಹೇಳಿದೆ. ನೇಪಾಳದವರು, ಬೆಂಗಳೂರಿಗೆ ಬಂದು ಹನ್ನೆರಡು ವರ್ಷ ಆಗಿದೆ. ‘ದಸ್ತಗಿರಿ ಮಾಡಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು’ ಅನ್ನುವಲ್ಲಿಗೆ ಬಂದಾಗ ಅವರು, “ಇದು ಇಲ್ಲಿನ ಪ್ರಜೆಗಳಿಗೆ ಅಲ್ವಾ ಸಾರ್, ನಮಗೆ ಬರಲ್ಲ” ಅಂದುಬಿಟ್ಟರು.

ಅವರಿಗೂ ಬರುತ್ತದೆ. ತಪ್ಪು ನಮ್ಮ ಪದದ್ದು.

ಸಂವಿಧಾನ ಈ ವಿಷಯದಲ್ಲಿ ಅಳೆದು ತೂಗಿ ಪದ ಬಳಸಿದೆ. ಮಾತನಾಡುವ, ಸಂಘ ಕಟ್ಟುವ, ದೇಶದ ಯಾವ ಮೂಲೆಯಲ್ಲಾದರೂ ನೆಲೆಸುವ 19ನೇ ವಿಧಿಯ ಸ್ವಾತಂತ್ರ್ಯಗಳು ನಾಗರಿಕರಿಗೆ ಮಾತ್ರ. ಸರ್ಕಾರಿ ನೌಕರಿಯಲ್ಲಿ ಸಮಾನ ಅವಕಾಶ ಕೊಡುವ 16ನೆಯದೂ ಹಾಗೆಯೇ. ಆದರೆ ಕಾನೂನಿನ ಮುಂದೆ ಸಮಾನತೆ (14), ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯ (21), ದಸ್ತಗಿರಿಯಾದವರ ರಕ್ಷಣೆ (22), ಧಾರ್ಮಿಕ ಸ್ವಾತಂತ್ರ್ಯ (25) ಇವೆಲ್ಲ ‘ವ್ಯಕ್ತಿ’ಗೆ ಸೇರಿದವು, ಪಾಸ್‌ಪೋರ್ಟ್ ಯಾವ ದೇಶದ್ದೇ ಇರಲಿ. 24 ಗಂಟೆಯ ನಿಯಮದಿಂದ ಹೊರಗಿಟ್ಟಿರುವುದು ಶತ್ರುದೇಶದವರನ್ನು ಮತ್ತು ಮುಂಜಾಗ್ರತಾ ಬಂಧನದಲ್ಲಿ (ಅಪರಾಧ ನಡೆಯುವ ಮುನ್ನವೇ ತಡೆಯಲೆಂದು ಹಿಡಿದಿಡುವುದು) ಇರುವವರನ್ನು. 23ನೇ ವಿಧಿಯಂತೂ ಯಾರ ಹೆಸರನ್ನೂ ಎತ್ತದೆ ಮನುಷ್ಯರ ಮಾರಾಟವನ್ನೂ ಬಿಟ್ಟಿ ಚಾಕರಿಯನ್ನೂ ನಿಷೇಧಿಸುತ್ತದೆ.

ಇದು ಕಾಗದದ ಮೇಲಿನ ಮಾತಷ್ಟೇ ಆಗಿ ಉಳಿದಿಲ್ಲ. ಹೌರಾದ ರೈಲ್ವೆ ಯಾತ್ರಿ ನಿವಾಸದಲ್ಲಿ ಬಾಂಗ್ಲಾದೇಶದ ಮಹಿಳೆಯೊಬ್ಬರ ಮೇಲೆ ಸಾಮೂಹಿಕ ಅತ್ಯಾಚಾರ ನಡೆದಿತ್ತು. ಅವರು ವಿದೇಶಿ, ಆದ್ದರಿಂದ ಪರಿಹಾರ ಕೊಡಬೇಕಿಲ್ಲ ಎಂದು ರೈಲ್ವೆ ವಾದಿಸಿತು. 2000ದಲ್ಲಿ ಸುಪ್ರೀಂ ಕೋರ್ಟ್ ಆ ವಾದ ತಳ್ಳಿಹಾಕಿ, 21ನೇ ವಿಧಿ ಅವರನ್ನೂ ಕಾಯುತ್ತದೆ ಎಂದು 10 ಲಕ್ಷ ರೂಪಾಯಿ ಪರಿಹಾರವನ್ನು ಎತ್ತಿಹಿಡಿಯಿತು. ಆ ತೀರ್ಪು ನಿಂತಿದ್ದೇ ‘ವ್ಯಕ್ತಿ’ ಅನ್ನುವ ಪದದ ಮೇಲೆ. ಅಲ್ಲಿ ‘ಪ್ರಜೆ’ ಎಂದು ಬರೆಯುವುದು ನನಗಂತೂ ಸಣ್ಣ ತಪ್ಪಾಗಿ ಕಾಣುವುದಿಲ್ಲ.

ಇನ್ನು ಪದಗಳಿಗೆ ಬರೋಣ. ‘ಪ್ರಜೆ’ಗೆ ಸಂಸ್ಕೃತದಲ್ಲಿ ಸಂತಾನ ಎಂಬ ಅರ್ಥವಿದೆ, ರಾಜನ ಆಳ್ವಿಕೆಗೆ ಒಳಪಟ್ಟವರು ಎಂಬ ಅರ್ಥವೂ ಇದೆ. ಪ್ರಜಾಪ್ರಭುತ್ವದಲ್ಲಿ ಆ ಪದ ಹೊಸ ಜೀವ ಪಡೆದಿದ್ದರೂ ‘ಈ ದೇಶಕ್ಕೆ ಸೇರಿದವರು’ ಎಂಬ ಬೇಲಿ ಅದರ ಸುತ್ತ ಇದ್ದೇ ಇದೆ. ‘ನಾಗರಿಕ’ ನಗರದಿಂದ ಬಂದದ್ದು, ‘ಪೌರ’ ಪುರದಿಂದ. ಕಾಯ್ದೆಯ ಹೆಸರಿನಲ್ಲಿ ‘ಪೌರತ್ವ’ ಅನ್ನುತ್ತೇವೆ, ಅದನ್ನು ಪಡೆದವರನ್ನು ‘ಪೌರ’ ಎಂದು ಕರೆಯುವುದು ಅಪರೂಪ, ಪೌರಕಾರ್ಮಿಕ, ಪೌರಾಯುಕ್ತದಂಥ ಪದಗಳಲ್ಲೇ ಅದು ಹೆಚ್ಚಾಗಿ ಉಳಿದಿದೆ. ಹಾಗಾಗಿ 19ಕ್ಕೆ ‘ನಾಗರಿಕ’ ಸರಿ.

ತೊಡಕಿರುವುದು ‘ವ್ಯಕ್ತಿ’ಯಲ್ಲಿ. ಪತ್ರಿಕೆಯ ‘ಅಪರಿಚಿತ ವ್ಯಕ್ತಿ’, ‘ವ್ಯಕ್ತಿಯ ಶವ ಪತ್ತೆ’ ಓದಿ ಓದಿ, ಅದು ಯಾರೋ ಬೇರೆಯವರ ಸಂಗತಿಯಂತೆ ಕೇಳಿಸುತ್ತದೆ, ‘ನಾನು’ ಅನ್ನಿಸುವುದಿಲ್ಲ. ಕನ್ನಡದಲ್ಲಿ ಇಲ್ಲಿ ನಾಮಪದವೇ ಬೇಕಿಲ್ಲವೇನೋ ಎಂದು ಹೀಗೆ ಬರೆದು ನೋಡಿದೆ: ‘ಕಾನೂನು ಗೊತ್ತುಪಡಿಸಿದ ಕ್ರಮ ಅನುಸರಿಸದೆ ಯಾರ ಜೀವವನ್ನೂ, ಯಾರ ಸ್ವಾತಂತ್ರ್ಯವನ್ನೂ ಕಸಿಯುವಂತಿಲ್ಲ.’ ‘ಯಾರ’ ಮತ್ತು ಆ ‘ಊ’ ಸೇರಿ ಎಲ್ಲರನ್ನೂ ಒಳಗೆ ಕರೆದುಕೊಳ್ಳುತ್ತವೆ. ಮರುದಿನ ಕಾವಲುಗಾರರಿಗೆ ಓದಿದೆ. “ಯಾರದ್ದೂ ಅಂದ್ರೆ ನಮ್ಮದೂ ಬಂತು” ಅಂದರು.

ನನ್ನ ಅನುಮಾನ ಇಷ್ಟು: 14ನೇ ವಿಧಿಯ ‘ವ್ಯಕ್ತಿ’ಯಲ್ಲಿ ಕಂಪನಿಗಳೂ ಸೇರುತ್ತವೆ, ‘ಯಾರಿಗೂ’ ಎಂದರೆ ಅವು ಬಿಟ್ಟುಹೋಗುತ್ತವೆಯೇ? ಕರಪತ್ರಕ್ಕೆ ಅದು ಅಡ್ಡಿಯಾಗದು ಅನ್ನಿಸುತ್ತದೆ. ನ್ಯಾಯಾಲಯದ ಕನ್ನಡ ಬಲ್ಲವರು ದಯವಿಟ್ಟು ತಿಳಿಸಿ. ಹಾಗೆಯೇ, ಪೊಲೀಸ್ ಠಾಣೆಯ ‘ದಸ್ತಗಿರಿ’ಯನ್ನೇ ಉಳಿಸಿಕೊಳ್ಳಲೇ, ‘ಬಂಧನ’ ಎನ್ನಲೇ? ಶುಕ್ರವಾರ ಅಚ್ಚಿಗೆ ಕೊಡಬೇಕು.