ಸಹಾಯ ಬೇಕು: ಚೀನೀ ಹದಿಹರೆಯದವರ ಇಂಗ್ಲಿಷ್ ಓದಿಗೆ ಅಂಕ ಹಾಕುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ಚೀನಾದಲ್ಲಿ 13ರಿಂದ 15 ವರ್ಷದ, ಮ್ಯಾಂಡರಿನ್ ಮನೆಮಾತಿನ ಮಕ್ಕಳಿಗೆ ಇಂಗ್ಲಿಷ್ ಓದಿನ ಪರೀಕ್ಷೆ ಸಿದ್ಧಪಡಿಸುತ್ತಿದ್ದೇವೆ. ಇಂಥ ಮಕ್ಕಳಿಗೆ ಕಲಿಸಿದವರು ಗುಂಪಿನಲ್ಲಿದ್ದರೆ ದಯವಿಟ್ಟು ನೋಡಿ ಹೇಳಿ.

ಮೊದಲು ‘ಬ್ಲಿಮ್’, ‘ಸ್ಟೆಗ್’ ಥರದ ಅರ್ಥವಿಲ್ಲದ 20 ಪದ ಓದಿಸುತ್ತೇವೆ. ಪದಗಳನ್ನು ಇಡಿಯಾಗಿ ಬಾಯಿಪಾಠ ಮಾಡಿದ ಮಗು ಇಲ್ಲೇ ತಡವರಿಸುತ್ತದೆ. ಪಿನ್‌ಯಿನ್ (ಮ್ಯಾಂಡರಿನ್ ಅನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ಪದ್ಧತಿ) ಅಭ್ಯಾಸದಿಂದ ‘ಸಿ’ ಅಕ್ಷರವನ್ನು ‘ತ್ಸ’ ಎಂದು ಓದಿದರೆ ಅದಕ್ಕೆ ಬೇರೆ ಗುರುತು. ಆಮೇಲೆ 150 ಪದಗಳ ಗದ್ಯ, ಗಟ್ಟಿಯಾಗಿ. ನೂರಕ್ಕೆ 90ಕ್ಕಿಂತ ಕಡಿಮೆ ಸರಿಯಾದರೆ ಇನ್ನೂ ಸುಲಭದ್ದು ಕೊಡುತ್ತೇವೆ. ಕೊನೆಗೆ ಓದಿದ್ದನ್ನು ಮ್ಯಾಂಡರಿನ್‌ನಲ್ಲೇ ಹೇಳಿಸುತ್ತೇವೆ. ಇಂಗ್ಲಿಷಿನಲ್ಲಿ ಹೇಳಿಸಿದರೆ ಮಾತಿನ ಕೊರತೆಯೇ ಓದಿನ ಕೊರತೆಯಂತೆ ಕಾಣುತ್ತದೆ.

ಗೊಂದಲ ಇಲ್ಲಿದೆ. ‘ವಾಕ್ಡ್’ ಅನ್ನು ‘ವಾಕ್’ ಎಂದು ಓದಿದರೆ ತಪ್ಪು ಹಾಕಬೇಕೇ? ಮ್ಯಾಂಡರಿನ್‌ನಲ್ಲಿ ಪದದ ಕೊನೆಗೆ ಬರುವ ವ್ಯಂಜನಗಳೇ ಬಹಳ ಕಡಿಮೆ, ಕ್ರಿಯಾಪದ ಕಾಲಕ್ಕೆ ತಕ್ಕಂತೆ ರೂಪ ಬದಲಿಸುವುದೂ ಇಲ್ಲ. ನಾಲಿಗೆ ಹೊರಳಲಿಲ್ಲವೋ, ಕಣ್ಣಿಗೇ ಬೀಳಲಿಲ್ಲವೋ ತಿಳಿಯುವುದಿಲ್ಲ. ಸದ್ಯಕ್ಕೆ ‘ಇದು ನಡೆದದ್ದು ಯಾವಾಗ?’ ಎಂದು ಕೇಳಿ ನಿರ್ಧರಿಸುತ್ತಿದ್ದೇವೆ, ಆದರೆ ‘ಯೆಸ್ಟರ್‌ಡೇ’ ಥರದ ಪದ ಗದ್ಯದಲ್ಲಿದ್ದರೆ ಉತ್ತರ ಅಲ್ಲಿಂದಲೇ ಸಿಕ್ಕಿಬಿಡುತ್ತದೆ.

ಇನ್ನೊಂದು, ‘ದ ಡಾಗ್ ದಟ್ ದ ಬಾಯ್ ಚೇಸ್ಡ್’ ಥರದ ರಚನೆ. ಚೀನೀ ಭಾಷೆಯಲ್ಲೂ ನಮ್ಮ ‘ಹುಡುಗ ಅಟ್ಟಿಸಿಕೊಂಡು ಹೋದ ನಾಯಿ’ಯ ಹಾಗೆ ವಿಶೇಷಣವೇ ಮೊದಲು. ಹಾಗಾಗಿ ಯಾರು ಯಾರನ್ನು ಅಟ್ಟಿದರೆಂಬುದು ಅದಲುಬದಲಾಗುತ್ತದೆ. ಪ್ರತಿ ವಾಕ್ಯಕ್ಕೆ ಎರಡೆರಡು ಚಿತ್ರ ಕೊಟ್ಟು, ಹೊಂದುವುದನ್ನು ಆರಿಸಲು ಹೇಳಿ 6 ವಾಕ್ಯ ಕೇಳಿದರೆ ಊಹೆಯಿಂದಲೇ 3 ಸರಿಯಾಗಬಹುದು. ನಾಲ್ಕು ಚಿತ್ರ ಕೊಡುವುದೋ, ವಾಕ್ಯಗಳನ್ನು 12ಕ್ಕೆ ಏರಿಸುವುದೋ? ಯಾವುದು ಮಕ್ಕಳನ್ನು ಕಡಿಮೆ ದಣಿಸುತ್ತದೆ ಎಂಬುದನ್ನೂ ತಿಳಿಸಿ.

ಮ್ಯಾಂಡರಿನ್ ಬಲ್ಲವರೊಬ್ಬರು ಧ್ವನಿಮುದ್ರಣ ಕೇಳಿ, ನಮ್ಮ ಅಂಕ ನೋಡದೆ ಪ್ರತ್ಯೇಕವಾಗಿ ಅಂಕ ಹಾಕಿಕೊಟ್ಟರೆ ದೊಡ್ಡ ಉಪಕಾರ.