ಪರಿಸರ ಸಲಹಾ ಸಂಸ್ಥೆಗೆ ಹಣ ಕೊಟ್ಟರೆ ಕಾರ್ಖಾನೆಗೆ ನಿಜವಾಗಿ ಏನು ದಕ್ಕುತ್ತದೆ?

ಪ್ರಶ್ನೆ: ತಾರಿಹಾಳ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ಫೌಂಡ್ರಿ ಇದೆ. ಕಬ್ಬಿಣದ ಎರಕ ಮಾಡಿ, ಮಷಿನಿಂಗ್ ಮುಗಿಸಿ, ದೊಡ್ಡ ಕಂಪನಿಗಳಿಗೆ ಕಳುಹಿಸುತ್ತೇವೆ. ಅವುಗಳಲ್ಲಿ ಷೇರುಪೇಟೆಯಲ್ಲಿ ನೋಂದಾಯಿತವಾದ ಒಂದು ಕಂಪನಿಯು ಈಚೆಗೆ ನಮ್ಮ ವಿದ್ಯುತ್ ಬಳಕೆ, ನೀರು, ತ್ಯಾಜ್ಯ ಮರಳು (ಎರಕದ ಅಚ್ಚಿಗೆ ಬಳಸಿ ಉಳಿದದ್ದು) ಮತ್ತು ಇಂಗಾಲದ ಲೆಕ್ಕ ಕೇಳಿ ಉದ್ದನೆಯ ನಮೂನೆಯೊಂದನ್ನು ಕಳುಹಿಸಿದೆ. ಇದೇ ಹೊತ್ತಿಗೆ ಬೆಂಗಳೂರಿನ ಸಲಹಾ ಸಂಸ್ಥೆಯೊಂದು, ಪರಿಸರ ಪಾಲನೆಯಲ್ಲಿ ಅಡಗಿರುವ ಮೌಲ್ಯವನ್ನು ಹುಡುಕಿಕೊಡುತ್ತೇವೆ ಎಂದು ದರಪಟ್ಟಿ ಕೊಟ್ಟಿದೆ. ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರವನ್ನು ನಾವು ತಪ್ಪದೆ ನವೀಕರಿಸಿಕೊಂಡು ಬಂದಿದ್ದೇವೆ. ಅದರಾಚೆ ಇವರು ಹುಡುಕುವುದಾದರೂ ಏನನ್ನು? ಕೊಟ್ಟ ಶುಲ್ಕ ಹಿಂತಿರುಗಿ ಬರುತ್ತದೆಯೇ, ಅಥವಾ ಕಪಾಟಿಗೆ ಇನ್ನೊಂದು ಫೈಲು ಸೇರುತ್ತದೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ಇಂಧನ ಲೆಕ್ಕಪರಿಶೋಧಕ, ಗೋಕುಲ ರಸ್ತೆ

ಸರ್, ಮೊದಲು ಆ ನಮೂನೆಯ ಹಿನ್ನೆಲೆ ಹೇಳುತ್ತೇನೆ. ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ 2021ರಲ್ಲಿ ಹೊಸ ಸುಸ್ಥಿರತಾ ವರದಿಯ ಪದ್ಧತಿಯನ್ನು ಪ್ರಕಟಿಸಿ, ಮಾರುಕಟ್ಟೆ ಮೌಲ್ಯದಲ್ಲಿ ಮೊದಲ 1,000 ಸ್ಥಾನಗಳಲ್ಲಿರುವ ನೋಂದಾಯಿತ ಕಂಪನಿಗಳಿಗೆ 2022-23ರಿಂದ ಅದನ್ನು ಕಡ್ಡಾಯ ಮಾಡಿತು. ಯುರೋಪ್ ಒಕ್ಕೂಟವು ಕಬ್ಬಿಣ, ಉಕ್ಕು, ಅಲ್ಯೂಮಿನಿಯಂ, ಸಿಮೆಂಟ್ ಮುಂತಾದ ಆಮದುಗಳ ಇಂಗಾಲದ ಲೆಕ್ಕವನ್ನು 2023ರ ಅಕ್ಟೋಬರ್‌ನಿಂದ ಕೇಳತೊಡಗಿದೆ. 2026ರ ಜನವರಿಯಿಂದ ಅದಕ್ಕೆ ಹಣದ ಹೊರೆಯೂ ಸೇರಿದೆ. ನಿಮ್ಮ ಬಿಡಿಭಾಗ ಆ ಪಟ್ಟಿಯಲ್ಲಿದೆಯೇ ಎಂಬುದನ್ನು ಅದರ ಸುಂಕ ಸಂಖ್ಯೆ (ಆಮದು-ರಫ್ತಿನಲ್ಲಿ ಸರಕನ್ನು ಗುರುತಿಸುವ ಸಂಖ್ಯೆ) ನೋಡಿಯೇ ಹೇಳಬೇಕು. ಪಟ್ಟಿಯಲ್ಲಿ ಇರಲಿ, ಬಿಡಲಿ, ದೊಡ್ಡ ಗ್ರಾಹಕರು ತಮ್ಮ ಸರಬರಾಜುದಾರರನ್ನು ಕೇಳುವುದಂತೂ ನಿಲ್ಲುವುದಿಲ್ಲ.

ಆದರೆ ನಮೂನೆ ತುಂಬುವುದು ಸಲಹೆಗಾರನ ಕೆಲಸದಲ್ಲಿ ಅಗ್ಗದ ಭಾಗ. ಬೆಲೆ ಬಾಳುವುದು ಹಾಳಾಗುವ ವಸ್ತುವಿಗೆ ರೂಪಾಯಿಯ ಲೆಕ್ಕ ಕಟ್ಟುವ ಕೆಲಸ. ಐಎಸ್‌ಒ 14051 ಎಂಬ 2011ರ ಮಾನದಂಡ ಹೇಳುವುದು ಇದನ್ನೇ: ತ್ಯಾಜ್ಯದ ಖರ್ಚೆಂದರೆ ಅದನ್ನು ಸಾಗಿಸಿ ಸುರಿಯುವ ಲಾರಿಯ ಬಾಡಿಗೆಯಷ್ಟೇ ಅಲ್ಲ, ಆ ವಸ್ತುವಿಗೆ ಅಲ್ಲಿಯವರೆಗೆ ಸುರಿದ ಕೊಳ್ಳುವ ಬೆಲೆ, ಕರೆಂಟು, ಕೂಲಿ ಮತ್ತು ಯಂತ್ರದ ಹೊತ್ತು ಎಲ್ಲವೂ ಸೇರಿದ ಮೊತ್ತ. ನಮ್ಮ ಫೌಂಡ್ರಿಗಳಲ್ಲಿ ರಿಜೆಕ್ಟ್ ಆದ ಎರಕವನ್ನು, ರನ್ನರ್-ರೈಸರ್ ತುಂಡುಗಳನ್ನು (ಅಚ್ಚಿಗೆ ಲೋಹ ಹರಿಯುವ ದಾರಿಗಳಲ್ಲಿ ಗಟ್ಟಿಯಾಗಿ ಉಳಿದದ್ದು) ಮತ್ತೆ ಕುಲುಮೆಗೆ ಹಾಕುತ್ತಾರಲ್ಲ, ಆದ್ದರಿಂದ ಅದು ನಷ್ಟವೇ ಅಲ್ಲ ಎಂಬ ಭಾವನೆ ಬೇರೂರಿದೆ. ಲೋಹವೇನೋ ಉಳಿಯುತ್ತದೆ, ಆದರೆ ಕರಗಿಸಿದ ಕರೆಂಟು ಉಳಿಯುವುದಿಲ್ಲ.

ಒಂದು ಲೆಕ್ಕ ನೋಡಿ. ಕರೆಂಟಿನಿಂದ ಕಾಯುವ ಇಂಡಕ್ಷನ್ ಕುಲುಮೆಯಲ್ಲಿ ಒಂದು ಟನ್ ಕಬ್ಬಿಣ ಕರಗಿಸಲು 600 ಯೂನಿಟ್ ಎಂದು ಹಿಡಿಯೋಣ. ಸುರಿದ ಲೋಹದಲ್ಲಿ ಶೇ 60ರಷ್ಟು ಮಾತ್ರ ಗ್ರಾಹಕನ ಲಾರಿ ಹತ್ತಿದರೆ, ಮಾರಿದ ಪ್ರತಿ ಟನ್ನಿಗೆ ಬಿದ್ದದ್ದು 1,000 ಯೂನಿಟ್. ಅದೇ ಶೇ 65ಕ್ಕೆ ಏರಿದರೆ ಸುಮಾರು 923. ಉಳಿದ 77 ಯೂನಿಟ್ಟನ್ನು ನಿಮ್ಮ ಹೆಸ್ಕಾಂ ಬಿಲ್ಲಿನ ದರದಿಂದ ಗುಣಿಸಿದರೆ ರೂಪಾಯಿ ಸಿಗುತ್ತದೆ. ನಮ್ಮ ಗ್ರಿಡ್ಡಿನ ಯೂನಿಟ್ಟಿಗೆ ಸುಮಾರು 0.7 ಕೆಜಿಯಂತೆ ಗುಣಿಸಿದರೆ ಇಂಗಾಲದ ಡೈಆಕ್ಸೈಡ್ ಎಷ್ಟು ಕಡಿಮೆಯಾಯಿತೆಂಬುದು ಸಿಗುತ್ತದೆ. ಮಾಲೀಕನಿಗೆ ಮೊದಲನೆಯದು ಬೇಕು, ಗ್ರಾಹಕನ ನಮೂನೆಗೆ ಎರಡನೆಯದು ಬೇಕು. ಒಂದೇ ಅಳತೆಯಿಂದ ಎರಡನ್ನೂ ತೆಗೆದುಕೊಡುವವನೇ ಒಳ್ಳೆಯ ಸಲಹೆಗಾರ.

ಯಾರನ್ನೂ ಕರೆಸದೆ ನೀವೇ ಮಾಡಬಹುದಾದ ಪರೀಕ್ಷೆಯೊಂದಿದೆ. ವಾರದ ರಜೆಯ ದಿನ, ಯಾವ ಯಂತ್ರವೂ ನಡೆಯದಿರುವಾಗ, ಏರ್ ಕಂಪ್ರೆಸರ್ ಒಂದನ್ನೇ ಚಾಲೂ ಮಾಡಿ ಅದರ ಪಕ್ಕ ಗಡಿಯಾರ ಹಿಡಿದು ನಿಂತುಕೊಳ್ಳಿ. ಗಾಳಿ ಬಳಸುವವರೇ ಇಲ್ಲದಿದ್ದರೂ ಅದು ಮತ್ತೆ ಮತ್ತೆ ಲೋಡ್ ಆಗುತ್ತಿರುತ್ತದೆ, ಅಂದರೆ ಗಾಳಿ ತುಂಬುತ್ತಿರುತ್ತದೆ; ನಡುವೆ ತುಂಬದೆ ಸುಮ್ಮನೆ ತಿರುಗುವುದು ಅನ್‌ಲೋಡ್. 2 ನಿಮಿಷ ಲೋಡ್, 6 ನಿಮಿಷ ಅನ್‌ಲೋಡ್ ಎಂದಾದರೆ ಕಂಪ್ರೆಸರ್ ಸಾಮರ್ಥ್ಯದ ಶೇ 25ರಷ್ಟು ಸೋರಿಕೆಗೇ ಹೋಗುತ್ತಿದೆ ಎಂದರ್ಥ. ಏಳು ಬಾರ್ ಒತ್ತಡದಲ್ಲಿ 3 ಮಿ.ಮೀ. ತೂತೊಂದೇ ಮೂರು ಕಿಲೋವಾಟಿನಷ್ಟು ತಿನ್ನುತ್ತದೆ. ಕೊಳವೆಯ ಕೂಡುಗಳಿಗೆ ಸಾಬೂನು ನೀರು ಹಚ್ಚಿ ಗುಳ್ಳೆ ಏಳುವ ಕಡೆಯೆಲ್ಲ ಸುಣ್ಣದ ಗುರುತು ಹಾಕುತ್ತ ಹೋಗಿ. ಈ ಮಟ್ಟದ ಕೆಲಸಕ್ಕೆ ಬೆಂಗಳೂರಿನ ಶುಲ್ಕ ಕೊಡಬೇಕಾಗಿಲ್ಲ.

ಉತ್ತರ: ಶೀತಲಗೃಹ, ಬ್ಯಾಡಗಿ

ಮೇಲಿನವರ ಮಾತಿಗೆ ನಮ್ಮ ಕಡೆಯ ಅನುಭವ ಸೇರಿಸುತ್ತೇನೆ. ಮೆಣಸಿನಕಾಯಿ ಇಡುವ ನಮ್ಮ ಶೀತಲಗೃಹಕ್ಕೆ ಒಂದು ಸಂಸ್ಥೆ (ಹೆಸರು ಬೇಡ) ಬಣ್ಣದ ನಕ್ಷೆಗಳಿರುವ ದಪ್ಪ ವರದಿ ಕೊಟ್ಟಿತು. ಅದರಲ್ಲಿ ಬಾಯ್ಲರಿನ ಹೊಗೆ ಕಡಿಮೆ ಮಾಡುವ ಬಗ್ಗೆ ಇಡೀ ಅಧ್ಯಾಯವಿತ್ತು. ನಮ್ಮಲ್ಲಿ ಬಾಯ್ಲರೇ ಇಲ್ಲ. ಹಂಗಾಮಿನಲ್ಲಿ ಚೀಲ ಇಳಿಸುವಾಗ ಗಂಟೆಗಟ್ಟಲೆ ತೆರೆದೇ ಇರುವ ಬಾಗಿಲ ಬಗ್ಗೆ ಒಂದು ಸಾಲೂ ಇರಲಿಲ್ಲ. ವರದಿ ಬರೆಯುವವರು ಹಂಗಾಮಿನಲ್ಲಿ ಬಂದು ನೋಡುತ್ತಾರೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಉತ್ತರ: ವಾಣಿಜ್ಯ ಉಪನ್ಯಾಸಕಿ, ಧಾರವಾಡ

ಲೆಕ್ಕವನ್ನು ಕಾರ್ಖಾನೆಯ ಗೇಟಿಗೇ ನಿಲ್ಲಿಸಬಾರದು ಎಂಬುದು ನನ್ನ ಅಭಿಪ್ರಾಯ. ಕ್ರೀಡಾ ಪಾದರಕ್ಷೆಯ ಪೂಮಾ ಕಂಪನಿಯು ಪಿಡಬ್ಲ್ಯೂಸಿ ಮತ್ತು ಟ್ರೂಕಾಸ್ಟ್ ಸಂಸ್ಥೆಗಳ ನೆರವಿನಿಂದ 2010ನೆಯ ವರ್ಷಕ್ಕೆ ಪರಿಸರದ ಲಾಭ-ನಷ್ಟ ಪತ್ರಿಕೆಯನ್ನು ಸಿದ್ಧಪಡಿಸಿದಾಗ ಒಟ್ಟು ಹಾನಿಯ ಮೌಲ್ಯ 14.5 ಕೋಟಿ ಯೂರೋ ಎಂದು ಬಂತು. ಅದರಲ್ಲಿ ಶೇ 94ರಷ್ಟು ಕಂಪನಿಯ ಸ್ವಂತ ಕಚೇರಿ, ಮಳಿಗೆ, ಉಗ್ರಾಣಗಳಲ್ಲಿ ಆದದ್ದಲ್ಲ, ಚರ್ಮ, ಹತ್ತಿ, ರಬ್ಬರ್ ಒದಗಿಸುವವರ ಸರಪಳಿಯಲ್ಲಿ ಆದದ್ದು. ತಾರಿಹಾಳದ ಫೌಂಡ್ರಿಯ ಬಾಗಿಲಿಗೆ ಆ ನಮೂನೆ ಬಂದು ಬಿದ್ದಿರುವುದರ ಮೂಲ ಇಂಥ ಅರಿವಿನಲ್ಲಿದೆ.

ನಮ್ಮ ಭಾಗದಲ್ಲಿಯೂ ಉದಾಹರಣೆ ಇದೆ. ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ, ಸರ್ಕಾರ ಮತ್ತು ಖಾಸಗಿ ಕಾರ್ಖಾನೆಯೊಂದು ಸೇರಿ ಕಟ್ಟಿದ ಜಂಟಿ ಕಂಪನಿಗೆ, ಆ ಕಾರ್ಖಾನೆಯ ಮರದ ತಿರುಳಿಗಾಗಿ ನೀಲಗಿರಿ ಬೆಳೆಸಲು ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಭೂಮಿ ಕೊಡುವ ಒಪ್ಪಂದವಾಯಿತು. ಕಾಗದದ ಮೇಲೆ ಕಚ್ಚಾವಸ್ತು ಅಗ್ಗವಾಗಿ ಕಂಡಿತು. ಆದರೆ ಆ ಭೂಮಿಯಲ್ಲಿ ದನ ಮೇಯಿಸುತ್ತಿದ್ದ, ಉರುವಲು ತರುತ್ತಿದ್ದ ಊರಿನವರ ಪಾಲು ಯಾವ ಲೆಕ್ಕದಲ್ಲಿಯೂ ಇರಲಿಲ್ಲ. 1987ರ ನವೆಂಬರ್ 14ರಂದು ಹಾನಗಲ್ಲ ತಾಲ್ಲೂಕಿನ ಕುಸನೂರಿನಲ್ಲಿ, ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆಯ ಮುಂದಾಳತ್ವದಲ್ಲಿ, ಜನರು ನೀಲಗಿರಿ ಸಸಿ ಕಿತ್ತು ತಮಗೆ ಉಪಯೋಗವಾಗುವ ಗಿಡ ನೆಟ್ಟರು. ಕಂಪನಿ 1991ರಲ್ಲಿ ಮುಚ್ಚಿತು. ಆದ್ದರಿಂದ ಸರ್, ನಿಮ್ಮ ಸಲಹೆಗಾರರನ್ನು ಇದನ್ನೂ ಕೇಳಿ: ತ್ಯಾಜ್ಯ ಮರಳು ಯಾರ ಹೊಲದ ಬದುವಿಗೆ ಬೀಳುತ್ತಿದೆ, ಬೋರ್‌ವೆಲ್ಲಿನ ಅಕ್ಕಪಕ್ಕದವರು ಯಾರು, ಅವರೊಂದಿಗೆ ಯಾರು ಮಾತನಾಡುತ್ತಾರೆ?

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಮರಳಿನ ಮಾತು ಸರಿಯಾಗಿ ತಾಗಿತು. ಗುತ್ತಿಗೆದಾರ ಎಲ್ಲಿ ಸುರಿಯುತ್ತಾನೆಂದು ನಾವು ಈವರೆಗೆ ಬರಹದಲ್ಲಿ ಕೇಳಿಯೇ ಇಲ್ಲ. ಉಳಿತಾಯದಲ್ಲಿ ಪಾಲು ಕೊಟ್ಟರೆ ಮುಂಗಡ ಶುಲ್ಕ ಕಡಿಮೆ ಮಾಡುತ್ತೇವೆ ಎಂದು ಆ ಸಂಸ್ಥೆ ಹೇಳುತ್ತಿದೆ. ಒಪ್ಪಬಹುದೇ?

ಇಂಧನ ಲೆಕ್ಕಪರಿಶೋಧಕ, ಗೋಕುಲ ರಸ್ತೆ

ಒಪ್ಪಬಹುದು, ಆದರೆ ಎರಡು ಷರತ್ತು ಹಾಕಿ. ಅವರೇ ಯಂತ್ರ ಮಾರುವವರೂ ಆಗಿದ್ದರೆ, ಅಥವಾ ಮಾರುವವರಿಂದ ಕಮಿಷನ್ ಪಡೆಯುವವರಾಗಿದ್ದರೆ, ಅದನ್ನು ಒಪ್ಪಂದದಲ್ಲಿ ಬರೆದುಕೊಡಬೇಕು. ಇನ್ನೊಂದು, ಉಳಿತಾಯವನ್ನು ತಿಂಗಳ ಬಿಲ್ಲಿನ ಮೊತ್ತದಿಂದ ಅಳೆಯಬೇಡಿ. ಆರ್ಡರ್ ಕಡಿಮೆಯಾದ ತಿಂಗಳು ಬಿಲ್ಲು ತಾನಾಗಿಯೇ ಇಳಿಯುತ್ತದೆ, ಆ ಇಳಿಕೆಗೂ ನೀವು ಪಾಲು ಕೊಡಬೇಕಾದೀತು. ಮಾರಿದ ಒಂದು ಟನ್ನಿಗೆ ಎಷ್ಟು ಯೂನಿಟ್ ಎಂಬ ಲೆಕ್ಕವನ್ನು ಕಳೆದ 12 ತಿಂಗಳಿಗೆ ಮೊದಲು ನೀವೇ ತೆಗೆದಿಟ್ಟುಕೊಂಡು, ಅದನ್ನು ಆಧಾರವಾಗಿ ಒಪ್ಪಂದಕ್ಕೆ ಲಗತ್ತಿಸಿ, ಆಮೇಲೆ ಸಹಿ ಮಾಡಿ.