ಸಹಾಯ ಬೇಕು: ಅಜ್ಜಿಯ ದನಿ ಇರುವ ಹಳೇ ಕ್ಯಾಸೆಟ್ ಉಳಿಸಿಕೊಳ್ಳಬೇಕು

ಎಲ್ಲರಿಗೂ ನಮಸ್ಕಾರ. ಚಿಕ್ಕವನಿದ್ದಾಗ ಪ್ರತಿ ರಜೆಗೂ ಹಳ್ಳಿಯ ಅಜ್ಜಿ ಮನೆಗೆ ಓಡುತ್ತಿದ್ದೆ. ರಾತ್ರಿ ಕರೆಂಟ್ ಹೋದರೆ ನಮಗೆಲ್ಲ ಖುಷಿ. ಅಜ್ಜಿ ಲಾಟೀನಿನ ಬತ್ತಿ ಸ್ವಲ್ಪ ಇಳಿಸಿ, ಕಾಲು ಚಾಚಿ ಕೂತು ಕಥೆ ಶುರು ಮಾಡುತ್ತಿದ್ದಳು. ಒಂದು ರಜೆಯಲ್ಲಿ ಮಾವ ಟೇಪ್ ರೆಕಾರ್ಡರ್ ತಂದಿದ್ದರು. ಅದರಲ್ಲಿ ಒಂದು ಕಥೆ ಪೂರ್ತಿ ರೆಕಾರ್ಡ್ ಆಗಿದೆ. ನಡುವೆ ಅಜ್ಜಿ ಕೆಮ್ಮಿ, "ಇದು ನಿಜವಾಗ್ಲೂ ಕೇಳಿಸ್ಕೊಳ್ತಾ ಇದೆಯೇನೋ?" ಅಂತ ಕೇಳುತ್ತಾಳೆ. ಈಗ ಅಜ್ಜಿ ಇಲ್ಲ. ಅವಳ ದನಿ ಉಳಿದಿರೋದು ಇದೊಂದರಲ್ಲೇ.

ಮೊನ್ನೆ ಟ್ರಂಕಿನಲ್ಲಿ ಆ ಕ್ಯಾಸೆಟ್ ಸಿಕ್ಕಿತು. 60 ನಿಮಿಷದ್ದು, ಅಂದರೆ ಒಂದು ಬದಿಗೆ 30 ನಿಮಿಷ. 90 ನಿಮಿಷದ ಕ್ಯಾಸೆಟ್‌ಗಿಂತ ಇದರ ಟೇಪು ದಪ್ಪ, ಅದೊಂದು ಸಮಾಧಾನ. ಆದರೆ ಸುರುಳಿಯ ಅಂಚಿನಲ್ಲಿ ಬಿಳಿ ಬೂಷ್ಟು ಹಿಡಿದಿದೆ. ಟೇಪನ್ನು ಪ್ಲೇಯರಿನ ದನಿ ಓದುವ ಭಾಗವಾದ ಹೆಡ್‌ಗೆ ಒತ್ತಿ ಹಿಡಿಯುವ ಪುಟ್ಟ ಬಟ್ಟೆಯ ಪ್ಯಾಡ್ ಕೂಡ ಬಿದ್ದುಹೋಗಿದೆ. ಹಾಗಾಗಿ ಇನ್ನೂ ಪ್ಲೇ ಮಾಡಿಲ್ಲ, ಸುಮ್ನೆ ಹಾಕಿ ಟೇಪು ಕಿತ್ತುಬಂದರೆ ಏನು ಗತಿ ಅನ್ನೋ ಭಯ. ಮೇಲಿನ ಎರಡು ಪ್ಲಾಸ್ಟಿಕ್ ಕಿವಿ ಮಾತ್ರ ಮುರಿದಿಟ್ಟಿದ್ದೇನೆ, ಅಪ್ಪಿತಪ್ಪಿ ಅದರ ಮೇಲೆ ಬೇರೇನೂ ರೆಕಾರ್ಡ್ ಆಗಬಾರದಲ್ವಾ.

ಸುರುಳಿಗಳನ್ನು ತೆಗೆದು ಬೇರೆ ಕ್ಯಾಸೆಟ್ ಡಬ್ಬಿಗೆ ಹಾಕಬಹುದಂತೆ. ಆದರೆ ನನ್ನದರಲ್ಲಿ ಸ್ಕ್ರೂ ಇಲ್ಲ, ಅಂಟಿಸಿದ್ದು. ಟೇಪಿಗೆ ಗಾಯವಾಗದಂತೆ ಬಿಚ್ಚಿದ ಅನುಭವ ಯಾರಿಗಾದರೂ ಇದೆಯಾ? ಬೂಷ್ಟನ್ನು ಬಿಚ್ಚುವ ಮೊದಲು ಒರೆಸಬೇಕಾ, ಆಮೇಲಾ? ನೀವೇ ಮಾಡಿ ನೋಡಿದ್ದರೆ ದಯವಿಟ್ಟು ವಿವರವಾಗಿ ಬರೆಯಿರಿ. ಫೋಟೋ ಬೇಕಿದ್ದರೆ ಹಾಕುತ್ತೇನೆ.